ಆಟದ ಪಿರಿಯಡ್ಡಿನ ಹೆಜ್ಜೆಗಳು

"ಒಂದು ಸೊನ್ನೆ ಸೇರಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ, ಬುರುಲಕ್ಕ? ಸಹಿ ಹಾಕಿ," ಎಂದು ಹೆಡ್‌ಮಾಸ್ಟರ್ ತಕ್ತೊಸುನ್ ಹೆಜ್ಜೆ ಲೆಕ್ಕದ ಹಾಳೆಯನ್ನು ವ್ಯಾಯಾಮ ಶಿಕ್ಷಕಿಯ ಮುಂದೆ ತಳ್ಳಿದರು. ಮಕ್ಕಳು ಎಷ್ಟು ಓಡಾಡುತ್ತಾರೆಂದು ತಿಳಿಯಲು ರಾಜಧಾನಿ ಬಿಷ್ಕೆಕ್‌ನಿಂದ ಬಂದಿದ್ದ ಸಂಶೋಧಕಿ ಐಜಾದಾ ಏಳನೇ ತರಗತಿಯ ಮಕ್ಕಳ ಸೊಂಟಕ್ಕೆ ಹೆಜ್ಜೆ ಎಣಿಸುವ ಯಂತ್ರ ಕಟ್ಟಿದ್ದಳು. ಆಟದ ಪಿರಿಯಡ್ಡಿನಲ್ಲಿ ಸಿಕ್ಕಿದ್ದು ತಲಾ ಮುನ್ನೂರೇ ಹೆಜ್ಜೆ. ಆ ಪಿರಿಯಡ್ಡನ್ನು ಚಳಿಗಾಲವಿಡೀ ಗಣಿತ ನುಂಗಿತ್ತು.

ಬುರುಲ್ ಪೆನ್ನು ಕೆಳಗಿಟ್ಟಳು. "ಹತ್ತೊಂಬತ್ತು ವರ್ಷ ನೀವು ಹೇಳಿದ್ದಕ್ಕೆಲ್ಲ ತಲೆ ಆಡಿಸ್ದೆ ಸಾರ್. ಇದೊಂದು ಆಗಲ್ಲ. ನನ್ನ ಪಿರಿಯಡ್ಡು ನನಗೆ ವಾಪಸ್ ಬೇಕು."

"ಮಕ್ಕಳು ಫೇಲಾದ್ರೆ ನೀವು ಉತ್ತರ ಕೊಡ್ತೀರಾ?"

"ಕೊಡ್ತೀನಿ."

ಅವಳು ನೇರ ಏಳನೇ ತರಗತಿಗೆ ನುಗ್ಗಿ ಸೀಟಿ ಊದಿದಳು. ಗಣಿತದ ಮೇಷ್ಟ್ರು ಬೋರ್ಡಿನ ಮುಂದೆ ಬಾಯಿ ತೆರೆದು ನಿಂತರು. ಮಕ್ಕಳು ಕಿರುಚುತ್ತ ಹಿಮ ಬಿದ್ದ ಅಂಗಳಕ್ಕೆ ಹಾರಿದರು.

"ಐಜಾದಾ, ಈಗ ಎಣಿಸಮ್ಮ!" ಎಂದು ಅಂಗಳದಂಚಿನಲ್ಲಿದ್ದ ಸಂಶೋಧಕಿಗೆ ಕೂಗಿ, ಬುರುಲ್ ಎಲ್ಲರಿಗಿಂತ ಮುಂದೆ ಓಡಿದಳು.