ಉಸಿರಿಗೊಂದು ಹೆಜ್ಜೆ

ಬ್ಯಾನರಿನ ಎಡಗೋಲನ್ನು ಸಂಘಟಕಿ ವಿಬೆಕೆ ತಂದು ಅಬ್ರೆಹೆತಳ ಕೈಗಿಟ್ಟಾಗ ಮೂರೂವರೆ ದಾಟಿತ್ತು. ಎರಡು ಗಂಟೆಗೇ ಹೊರಡಬೇಕಿದ್ದ ಶಾಂತಿ ನಡಿಗೆ. ಇಗರ್ಜಿಯ ಅಂಗಳದಲ್ಲಿ ಕಾಫಿಯಾಗಿ, ಕೇಕಾಗಿ, ಒಳಗಿನ ಶಾಂತಿಯೇ ಜಗದ ಶಾಂತಿಗೆ ಬೇರು ಎಂದು ನಾಲ್ಕು ಭಾಷಣಗಳಾಗಿ ಇಷ್ಟು ಹೊತ್ತಾಗಿತ್ತು.

“ಮುಂದೆ ನೀನೇ ಇರ್ಬೇಕು ಕಣೇ. ನಿನ್ನಂಥವಳು ಮುಂದಿದ್ರೆ ಇಡೀ ಜಗತ್ತೇ ನಮ್ ಜೊತೆ ನಡೆದ ಹಾಗೆ ಕಾಣುತ್ತೆ,” ಎಂದಳು ವಿಬೆಕೆ.

“ಐದಕ್ಕೆ ನಾನು ಶಿಬಿರದಲ್ಲಿರ್ಬೇಕು.”

“ಅಯ್ಯೋ, ಬಂದರು ಇಲ್ಲೇ ಇದೆ. ಇವತ್ತೊಂದಿನ ಗಡಿಯಾರ ಮರೆತುಬಿಡು. ಎಲ್ಲಿ, ಮೊಬೈಲ್ ಕೊಡು.”

ಎಲ್ಲರ ಮೊಬೈಲುಗಳೂ ಬೆತ್ತದ ಬುಟ್ಟಿ ಸೇರಿದ್ದವು. ಅವಳದೂ ಸೇರಿತು. ಬಂದರು ಮುಟ್ಟುವ ತನಕ ಯಾರೂ ಮಾತಾಡಕೂಡದು, ಬ್ಯಾನರನ್ನು ದಾಟಿ ಯಾರೂ ಮುಂದೆ ಹೋಗಕೂಡದು, ಒಂದು ಉಸಿರಿಗೆ ಒಂದೇ ಹೆಜ್ಜೆ. ನಲವತ್ತೊಂದು ಮಂದಿ ಕೆರೆಯ ಮೇಲಿನ ಬಾತುಕೋಳಿಗಳ ಹಾಗೆ ತೇಲತೊಡಗಿದರು.

ಅಬ್ರೆಹೆತ್ ಆರು ವರ್ಷದಿಂದ ಊರಾಚೆಯ ಶಿಬಿರದಲ್ಲಿದ್ದಳು. ಆಶ್ರಯದ ಅರ್ಜಿ ಬಿದ್ದುಹೋದವರನ್ನು ಅಲ್ಲಿಡುತ್ತಾರೆ. ಡೆನ್ಮಾರ್ಕಿಗೆ ಅವಳು ಬೇಡ. ಅವಳ ತಾಯ್ನಾಡು ಎರಿಟ್ರಿಯಾಕ್ಕೆ ಅಟ್ಟಲು ಆಗುತ್ತಿಲ್ಲ. ಹಾಗಾಗಿ ದಿನಾ ಸಂಜೆ ಐದರೊಳಗೆ ಸಹಿ ಹಾಕಬೇಕು. ಹಲ್ಲುನೋವಿನಲ್ಲಿ ಒಮ್ಮೆ ತಪ್ಪಿತ್ತು, ಬಸ್ಸು ಬಾರದೆ ಇನ್ನೊಮ್ಮೆ. ಮೂರನೆಯದು ತಪ್ಪಿದರೆ ಜೈಲು.

ಅಗ್ನಿಶಾಮಕ ಠಾಣೆಯ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಅಲ್ಲಿ ರಸ್ತೆ ಕವಲೊಡೆಯುತ್ತದೆ: ಬಲಕ್ಕೆ ಬಂದರು, ಎಡಕ್ಕೆ ಶಿಬಿರ. ಎಡದ ರಸ್ತೆ ಮನಸ್ಸನ್ನು ಕಲಕುತ್ತದೆಂದು ನಡಿಗೆಯ ಸಮಿತಿ ಅದನ್ನು ಮೊದಲೇ ಕೈಬಿಟ್ಟಿತ್ತು. ಅಬ್ರೆಹೆತ್ ಎಡಕ್ಕೆ ತಿರುಗಿದಳು. ನಿಯಮವನ್ನೇನೂ ಅವಳು ಮುರಿಯಲಿಲ್ಲ. ಉಸಿರಿಗೊಂದೇ ಹೆಜ್ಜೆ ಇಟ್ಟಳು. ಉಸಿರನ್ನು ಮಾತ್ರ ಜೋರು ಮಾಡಿದಳು.

ಬಲಗೋಲು ಹಿಡಿದಿದ್ದವನು ಆಸ್ಗರ್. ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡಿ ನಿವೃತ್ತನಾದ ಮುದುಕ. ಬ್ಯಾನರಿನ ಬಟ್ಟೆ ಬಿಗಿದು ಅವನೂ ಎಡಕ್ಕೆ ಎಳೆದುಕೊಂಡು ಬಂದ.

“ಏನಮ್ಮ, ಕರು ಎಳೆದ ಹಾಗೆ ಎಳೀತಿದೀಯಲ್ಲ?” ಎಂದು ಪಿಸುಗುಟ್ಟಿದ.

“ಐದಕ್ಕೆ ಸಹಿ. ಇವತ್ತು ತಪ್ಪಿದ್ರೆ ನಾಳೆ ಪೊಲೀಸ್ರು ಬರ್ತಾರೆ.”

“ಮೊದಲೇ ಹೇಳೋಕೇನಾಗಿತ್ತು?”

“ಮಾತಾಡಬಾರದು ಅಂದ್ರಲ್ಲ.”

ಆಸ್ಗರ್ ತನ್ನ ಮಂಡಿಗೆ ಒಂದು ಬೈಗುಳ ಬೈದು ಬಿರುಸಾಗಿ ಹೆಜ್ಜೆ ಹಾಕಿದ. ಮುಂದಾಳುಗಳು ಓಡಿದ ಮೇಲೆ ಹಿಂದಿನವರು ಏನು ಮಾಡಿಯಾರು? ಬ್ಯಾನರಿನ ಹಿಂದೆ ಎಲ್ಲರೂ ಓಡಿದರು. ವಿಬೆಕೆ ಎರಡೂ ಕೈ ಬೀಸಿದಳು. ಬಾಯಿ ಬಿಡುವಂತಿರಲಿಲ್ಲ, ಮೌನದ ನಿಯಮ ಅವಳದೇ. ಹೀಗೆ ಆ ಊರಿನ ಮೊದಲ ವಿಶ್ವಶಾಂತಿ ನಡಿಗೆ ಏದುಸಿರು ಬಿಡುತ್ತ, ಒಂದು ಮಾತೂ ಇಲ್ಲದೆ, ಮುಳ್ಳುತಂತಿಯ ಬೇಲಿಯ ಮುಂದೆ ಬಂದು ನಿಂತಿತು.

ಗೇಟಿನ ಕಿಟಕಿಯ ಹಿಂದೆ ಕಾವಲುಗಾರ ಸಹಿ ಪುಸ್ತಕ ಮಡಚಿಟ್ಟಿದ್ದ. ಐದು ಗಂಟೆ ಎರಡು ನಿಮಿಷ.

“ಸರ್, ಬಂದೆ. ಕಾಣ್ತಿದೀನಲ್ಲ?”

“ಕಾಣ್ತಿದೀಯಮ್ಮ. ನನ್ ಕಣ್ಣಿಗೆ ಕಂಡು ಏನುಪಯೋಗ? ಪುಸ್ತಕದಲ್ಲಿ ಕಾಣ್ಬೇಕು.” ಅವನು ಕೆಟ್ಟವನಲ್ಲ. ಕತ್ತು ಚಾಚಿ ಅವಳ ಹಿಂದಿನ ಗುಂಪನ್ನು ನೋಡಿದ. “ಇವರೆಲ್ಲ ಯಾರು? ಪ್ರತಿಭಟನೆಯಾ? ಪ್ರತಿಭಟನೆ ಅನ್ನೋದಾದ್ರೆ ಹೇಳಿ. ಗೇಟಿನ ಮುಂದೆ ಪ್ರತಿಭಟನೆ ಆದ ದಿನ ದಾರಿ ಕಟ್ಟಿರುತ್ತೆ ಅಂತ ಸಹಿಗೆ ಅರ್ಧ ಗಂಟೆ ವಿನಾಯಿತಿ ಇದೆ. ಪುಸ್ತಕ ತೆಗೀತೀನಿ.”

ಮೌನ ಮುರಿದವಳು ವಿಬೆಕೆ. “ಛೆ ಛೆ, ಪ್ರತಿಭಟನೆ ಗಿತಿಭಟನೆ ಏನಿಲ್ಲಪ್ಪ! ನಾವು ಯಾರ ವಿರುದ್ಧಾನೂ ಇಲ್ಲ. ಇದು ಬರೀ ಶಾಂತಿ ನಡಿಗೆ.”

“ವಿಬೆಕೆ, ಒಂದು ಮಾತು. ಒಂದೇ ಒಂದು ಮಾತು ಹೌದು ಅಂದ್ರೆ ಸಾಕು,” ಎಂದಳು ಅಬ್ರೆಹೆತ್.

“ಹಾಗಲ್ವೇ... ಪರವಾನಗಿ ತಗೊಂಡಿರೋದು ನಡಿಗೆಗೆ. ಅದೂ ಅಲ್ದೆ, ಕೋಪ ಇಟ್ಕೊಂಡು ಶಾಂತಿ ಬರುತ್ತಾ ಹೇಳು?”

“ಬರ್ಕೊಳಯ್ಯ,” ಎಂದ ಆಸ್ಗರ್. ಬ್ಯಾನರಿನ ಕೋಲನ್ನು ನೆಲಕ್ಕೂರಿ ಅದಕ್ಕೆ ಜೋತುಬಿದ್ದು ನಿಂತಿದ್ದ. “ಪ್ರತಿಭಟನೆ. ಆಸ್ಗರ್ ಹೋಲ್ಮ್‌ಗೋರ್. ವಯಸ್ಸು ಎಪ್ಪತ್ತಾರು. ವೆಲ್ಡರ್.”

“ಒಬ್ಬರಿದ್ರೆ ಆಗಲ್ಲ ಅಜ್ಜಾ. ಕನಿಷ್ಠ ಮೂರು ಜನ ಅಂತ ನಿಯಮ.”

“ನಾನೊಬ್ಬಳು,” ಎಂದಳು ಅಬ್ರೆಹೆತ್.

“ಸರಿ. ಇಬ್ಬರಾದ್ರು.” ಕಾವಲುಗಾರ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಇಬ್ಬರ ಹೆಸರೂ ಬರೆದ. ಕೆಳಗಿನ ಸಾಲಿನ ಮೇಲೆ ಪೆನ್ನಿನ ಮೊನೆಯಿಟ್ಟು ತಲೆಯೆತ್ತಿದ. “ಇನ್ನೊಬ್ಬರು ಯಾರು?”

ಉಳಿದ ಮೂವತ್ತೊಂಬತ್ತು ಮಂದಿಯೂ ಬಗ್ಗಿ ತಮ್ಮ ತಮ್ಮ ಶೂಗಳ ಲೇಸು ಕಟ್ಟಿಕೊಳ್ಳುತ್ತಿದ್ದರು.