ಮೇಲೇರದ ಲಿಫ್ಟ್

ಚಿಂತೆಗೆ ತೂಕ ಬಂದಂದಿನಿಂದ ಹುಬ್ಬಳ್ಳಿಯ ಆಸ್ಪತ್ರೆಗಳಲ್ಲಿ ಲಿಫ್ಟ್ ಹತ್ತಿದವರು ತಮ್ಮ ಚಿಂತೆಯನ್ನು ಬಾಯಿಬಿಟ್ಟು ಹೇಳಿ ಭಾರ ಇಳಿಸಿಕೊಳ್ಳಬೇಕಿತ್ತು. ಸ್ಟ್ರೆಚರಿನ ಮೇಲೆ ಶಿವಲೀಲಾಳ ಮಗಳು ನರಳುತ್ತಿದ್ದಳು. ಆಪರೇಷನ್ ಮೇಲಿನ ಮಹಡಿಯಲ್ಲಿ. ಲಿಫ್ಟ್ ಮಾತ್ರ ಕಿರ್ರೆನ್ನುತ್ತ ನಿಂತಲ್ಲೇ ನಿಂತಿತ್ತು.

“ಭಾರ ಭಾಳ ಆತವ್ವಾ, ಲಗೂನ ಇಳಿಸು,” ಎಂದ ಲಿಫ್ಟಿನ ಮೈಲಾರಪ್ಪ. ಭಾರವೆಂದರೆ ರೋಗಿಯ ಕಡೆಯವರದೇ ಎಂದು ಅವನ ಲೆಕ್ಕ.

“ಒಲಿ ಆರಿಸೀನೋ ಇಲ್ಲೋ ಗೊತ್ತಿಲ್ಲ. ಮನಿಯವರ ಫೋನ್ ಹತ್ತವಲ್ದು. ಇಕಿ ಕಣ್ಣು ತೆರೀಲಿಲ್ಲಂದ್ರ ನಾ ಹೆಂಗ ಬದುಕ್ಲಿ?” ಶಿವಲೀಲಾಳ ಮೈ ಹಗುರಾಯಿತು. ಲಿಫ್ಟ್ ಅಲುಗಲಿಲ್ಲ.

“ಇನ್ನೂ ಏನ್ ಮುಚ್ಚಿಟ್ಟೀ?” ಮೈಲಾರಪ್ಪ ರೇಗಿದ.

“ಏನೂ ಉಳದಿಲ್ಲೋ ಯಪ್ಪಾ!”

ಮಗಳ ತುಟಿ ಬಿಳಿಚತೊಡಗಿತ್ತು. ಆಗ ಲಿಫ್ಟಿನ ಮೂಲೆಯಲ್ಲಿದ್ದ, ಅವಳ ಆಪರೇಷನ್ ಮಾಡಬೇಕಿದ್ದ ಸರ್ಜನ್ ಕಿತ್ತೂರ ಅವರು ಗೋಡೆ ನೋಡುತ್ತಲೇ ಹೇಳಿದರು: “ನಿನ್ನೆ ಆಪರೇಷನ್‌ದಾಗ ನನ್ನ ಕೈ ನಡುಗಿತ್ತು. ಇವತ್ತೂ ನಡುಗೀತು ಅಂತ ಅಂಜಿಕಿ ಐತ್ರಿ.”

ಲಿಫ್ಟ್ ಸರ್ರನೆ ಏರಿತು. ಎರಡು ಮಹಡಿಗಳ ನಡುವೆ ಮತ್ತೆ ನಿಂತಿತು. ಈ ಸಲ ಮೈಲಾರಪ್ಪ ಶಿವಲೀಲಾಳನ್ನು ಬಿಟ್ಟು ಡಾಕ್ಟರರ ಕೈ ನೋಡಿದ.

ಶಿವಲೀಲಾ ಡಾಕ್ಟರರ ಕೈಯನ್ನು ತನ್ನೆರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದಳು.

“ಈಗ ನಡುಗವಲ್ದು ನೋಡ್ರಿ,” ಎಂದಳು.

ಲಿಫ್ಟ್ ಮೆಲ್ಲಗೆ ಮೇಲೇರಿತು.