ತಾಯಿಯ ಕುರ್ಚಿ

ಬೆಳಗಿನಿಂದ ಕಲ್ಲಮ್ಮನ ಮಗ ನಾಲ್ಕು ಸಲ ಸತ್ತಿದ್ದ. ಐದನೆಯ ಸಲ ಸಾಯುವ ಮುಂಚೆ ಅವಳು ಕರವಸ್ತ್ರ ತೆಗೆದು ಮೇಜನ್ನು ಒರೆಸಿದಳು. ಮೇಜಿನ ಮೇಲೆ ಧೂಳಿರಲಿಲ್ಲ. ಆದರೂ ಪ್ರತಿ ಸಲವೂ ಒರೆಸುತ್ತಿದ್ದಳು.

ಮೀಸೆಯ ಮೇಷ್ಟ್ರು ಬಂದು ಮೇಜಿನ ಹಿಂದಿನ ದೊಡ್ಡ ಕುರ್ಚಿಯಲ್ಲಿ ಕುಳಿತರು. ಕಲ್ಲಮ್ಮ ಹೊರಗೆ ಹೋಗಿ, ಬಾಗಿಲು ತಟ್ಟಿ, ಏದುಸಿರು ಬಿಡುವ ತಾಯಿಯಾಗಿ ಒಳಗೆ ಬಂದಳು.

ಸರ್ಕಾರಿ ಶಾಲೆಗಳಿಗೆ ಮುಖ್ಯೋಪಾಧ್ಯಾಯರಾಗಿ ಬಡ್ತಿ ಪಡೆದವರಿಗೆಲ್ಲ ಈ ತರಬೇತಿ ಕಡ್ಡಾಯ. ಹಾಜರಾತಿ, ದುರಸ್ತಿ, ಹೊಸ ಸುತ್ತೋಲೆ ಎಲ್ಲವನ್ನೂ ಬೇರೆ ಕೋಣೆಗಳಲ್ಲಿ ಕಲಿಸುತ್ತಿದ್ದರು. ಮೂಲೆಯ ಈ ಕೋಣೆಯಲ್ಲಿ ಪಾಠ ಒಂದೇ: ಶಾಲೆಗೆ ಬಂದ ಮಗು ಸತ್ತುಹೋದರೆ ತಾಯಿಗೆ ಅದನ್ನು ಹೇಳುವುದು ಹೇಗೆ? ಗೋಡೆ ಬಿದ್ದು ಮಗ ಸತ್ತಿದ್ದಾನೆ, ಅಂಚೆ ಕಚೇರಿಯಲ್ಲಿ ಕೆಲಸಕ್ಕಿರುವ ತಾಯಿ ಓಡಿ ಬಂದಿದ್ದಾಳೆ. ಇಷ್ಟನ್ನು ಮೊದಲೇ ತಿಳಿಸಿರುತ್ತಿದ್ದರು. ತಾಯಿಯಾಗಿ ಕೂರುವವಳು ಕಲ್ಲಮ್ಮ. ಅವಳು ತಲೆಯಾಡಿಸದೆ ಯಾರಿಗೂ ಶಾಲೆ ಸಿಗುತ್ತಿರಲಿಲ್ಲ.

"ಕೂತ್ಕೊಳ್ಳಿ ತಾಯಿ, ನೀರು ಕುಡೀರಿ" ಎಂದರು ಮೇಷ್ಟ್ರು. ಕಣ್ಣು ಲೋಟದ ಮೇಲಿತ್ತು. "ನಿಮ್ಮ ಹುಡುಗನಿಗೆ ಸ್ವಲ್ಪ ಪೆಟ್ಟಾಗಿದೆ."

"ಸ್ವಲ್ಪ ಅಂದ್ರೆ ಎಷ್ಟು ಸಾರ್? ಸತ್ತಷ್ಟಾ?"

ಮೇಷ್ಟ್ರ ಮೀಸೆ ಇಳಿಯಿತು.

"ನೀರು ಬೇಕಾಗಿದ್ದು ನಿಮಗೆ, ಆ ತಾಯಿಗಲ್ಲ. ಅವಳು ಹೊರಗೆ ನಿಂತಿರ್ತಾಳೆ, ನೀವು ಒಳಗೆ ವಾಕ್ಯ ಕಟ್ತಾ ಕೂತಿರ್ತೀರಿ. ಕಟ್ಟಿದಷ್ಟೂ ಕೆಡುತ್ತೆ. ಮುಖ ನೋಡಿ ಹೇಳಿ ಸಾರ್. ಮುಖ ನೋಡದೆ ಹೇಳಿದ್ರೆ ಗೋಡೆಗೆ ಹೇಳಿದ ಹಾಗೆ. ನಾಳೆ ಇನ್ನೊಂದು ಸಲ ಬನ್ನಿ."

ಕಲ್ಲಮ್ಮ ಅವಳ ಹೆಸರಲ್ಲ. ಸತ್ತ ಸುದ್ದಿಗೆ ಒಮ್ಮೆಯೂ ಕಣ್ಣೀರು ಹಾಕದವಳೆಂದು ಮೇಷ್ಟ್ರುಗಳೇ ಇಟ್ಟ ಅಡ್ಡಹೆಸರು. ನಾಟಕದವಳಂತೆ, ಅಳೋದಕ್ಕೇ ಬರದ ನಟಿ ಎಂದು ಪಡಸಾಲೆಯಲ್ಲಿ ನಗುತ್ತಿದ್ದರು. ವಯಸ್ಸಾದವರು ಮಾತ್ರ ದನಿ ತಗ್ಗಿಸಿ, ನಾಟಕವೂ ಅಲ್ಲ ಮಣ್ಣೂ ಅಲ್ಲ, ಸುಟ್ಟುಕೊಂಡ ಕೈಗೇ ಬೆಂಕಿಯ ಗುರುತು ಎನ್ನುತ್ತಿದ್ದರು. ಯಾರೋ ಒಬ್ಬರು ಧೈರ್ಯ ಮಾಡಿ, ಮಕ್ಕಳೆಷ್ಟು ಅಮ್ಮಾ ಎಂದು ಕೇಳಿಯೂ ಬಿಟ್ಟಿದ್ದರು.

"ಇದ್ರು" ಎಂದಿದ್ದಳು ಕಲ್ಲಮ್ಮ. "ಈಗ ಯಾರೂ ಇಲ್ಲ."

ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಇದೇ ಕೊನೆಯ ತಂಡ. ಮುಂದಿನ ತಿಂಗಳಿನಿಂದ ಈ ಪಾಠವೂ ಮೊಬೈಲಿನಲ್ಲೇ ಎಂದು ಆದೇಶವಾಗಿತ್ತು. ಸರಿಯುತ್ತರದ ಮೇಲೆ ಬೆರಳಿಟ್ಟರೆ ಶಾಲೆ ಸಿಕ್ಕಂತೆ. ಕೆಲಸ ಹೋಗುವುದಕ್ಕೆ ಕಲ್ಲಮ್ಮ ಹೆದರಿರಲಿಲ್ಲ. ಸಾವಿನ ಆ ಮಾತನ್ನು ಸರಿಯಾಗಿ ಹೇಳಲು ಮನುಷ್ಯರಿಂದ ಆಗುತ್ತದೆಯೇ? ಸಾಯುವುದರೊಳಗೆ ಒಂದೇ ಒಂದು ಸಲ ಅದನ್ನು ಕೇಳಬೇಕೆಂದೇ ವರ್ಷಗಟ್ಟಲೆ ತಾಯಿಯ ಕುರ್ಚಿಯಲ್ಲಿ ಕುಳಿತಿದ್ದಳು. ಎಷ್ಟೋ ಜನರಿಗೆ ತಲೆಯಾಡಿಸಿದ್ದಳು, ಹೋಗಲಿ ಪಾಪ ಎಂದು. ಎದೆ ಒಪ್ಪಿದ್ದು ಒಬ್ಬರಿಗೂ ಇಲ್ಲ.

ಆ ದಿನಕ್ಕೆ ಉಳಿದಿದ್ದವಳು ಒಬ್ಬಳು ಟೀಚರು. ಸಣಕಲು ದೇಹ, ವಯಸ್ಸಿಗೆ ಮೊದಲೇ ನರೆತ ತಲೆ. ಬಡ್ತಿಯನ್ನು ಪ್ರತಿ ಸಲವೂ ಬೇಡವೆಂದವಳು ಈ ಸಲ ತಾನಾಗಿ ಕೇಳಿ ಬಂದಿದ್ದಳಂತೆ. ಕೇಳಿದ್ದಾದರೂ ಎಂಥ ಶಾಲೆ! ಬಿರುಕು ಬಿಟ್ಟ ಗೋಡೆಗಳಿಗೆ ಹೆದರಿ ಎಲ್ಲರೂ ಕೈಬಿಟ್ಟ ಶಾಲೆ. ಅವಳೂ ತಪ್ಪಿದರೆ ಅದಕ್ಕೆ ಬೀಗವೇ ಗತಿ ಎಂದು ತರಬೇತಿಯ ಅಧಿಕಾರಿ ಕಲ್ಲಮ್ಮನ ಕಿವಿಗೆ ಹಾಕಿ ಹೋಗಿದ್ದರು. ಕಲ್ಲಮ್ಮ ಅದಕ್ಕೆಲ್ಲ ಕರಗುವವಳಲ್ಲ. ಮೇಜು ಒರೆಸಿ ಹೊರಗೆ ಹೋದಳು.

ಬಾಗಿಲು ತಟ್ಟಲು ಕೈ ಎತ್ತಿದ್ದಳಷ್ಟೆ, ಬಾಗಿಲು ತೆರೆಯಿತು. ಟೀಚರು ಹೊಸ್ತಿಲಲ್ಲೇ ನಿಂತಿದ್ದಳು. ದೊಡ್ಡ ಕುರ್ಚಿಯತ್ತ ಹೋಗಲೇ ಇಲ್ಲ. ಕಲ್ಲಮ್ಮನನ್ನು ತೋಳು ಹಿಡಿದು ಒಳಗೆ ಕರೆತಂದು ಕೂರಿಸಿ, ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಮುಖ ನೋಡಿದಳು.

"ನಿಮ್ಮ ಮಗ ತೀರಿಕೊಂಡ" ಎಂದಳು. "ಶಾಲೆ ಗೋಡೆ ಬಿದ್ದು. ಕಲ್ಲು ಸರಿಸೋ ಅಷ್ಟರಲ್ಲೇ ಜೀವ ಹೋಗಿತ್ತು. ಗೋಡೆ ಬಿರುಕು ಬಿಟ್ಟಿದ್ದು ನಮಗೆ ಗೊತ್ತಿತ್ತು. ಪಾಠದ ಮಧ್ಯೆ ಎದ್ದು ಓಡಿ ಬಂದಿದ್ದೀರಿ, ಕೈಯಲ್ಲಿ ಸೀಮೆಸುಣ್ಣ ಇನ್ನೂ ಹಾಗೇ ಇದೆ. ಬನ್ನಿ, ಅವನ ಹತ್ತಿರ ಹೋಗೋಣ. ನಿಮ್ಮ ಜೊತೇಲೇ ಇರ್ತೀನಿ."

ತಾಯಿ ಅಂಚೆ ಕಚೇರಿಯವಳು, ಸೀಮೆಸುಣ್ಣ ಎಲ್ಲಿಂದ ಬಂತು? ಬೇರೆ ಯಾರೇ ಆಗಿದ್ದರೂ ಕಲ್ಲಮ್ಮ ಅಲ್ಲೇ ತಡೆಯುತ್ತಿದ್ದಳು. ಈಗ ತಡೆಯಲಿಲ್ಲ. ಕಣ್ಣು ತುಂಬಿ ಕೆನ್ನೆಗಿಳಿಯಿತು. ತಲೆ ತಾನಾಗಿಯೇ ಆಡಿತು, ಆಡುತ್ತಲೇ ಇತ್ತು.

"ಶಾಲೆ ನಿಮ್ಮದು" ಎಂದಳು ಕೊನೆಗೆ. "ಇಷ್ಟು ಚೆನ್ನಾಗಿ ಹೇಳೋದನ್ನ ಯಾರು ಕಲಿಸಿದ್ರು ತಾಯಿ ನಿಮಗೆ?"

ಟೀಚರು ಮೇಜಿನ ಮೇಲೆ ಅಂಗೈಯನ್ನು ಅಗಲವಾಗಿ ಊರಿ, ಒತ್ತಿ, ಮೆಲ್ಲಗೆ ಎತ್ತಿಕೊಂಡಳು. ಮೇಜಿನ ಮೇಲೆ ಏನೂ ಇರಲಿಲ್ಲ. ಆದರೆ ಕಲ್ಲಮ್ಮನಿಗೆ ಕಂಡಿತು: ಐದು ಬೆರಳಿನ, ಸೀಮೆಸುಣ್ಣದ ಬೆಳ್ಳನೆಯ ಗುರುತು. ಕರವಸ್ತ್ರದ ಕೈ ಅದನ್ನು ಒರೆಸಲು ಹೋಗಿ, ಅರ್ಧದಲ್ಲೇ ನಿಂತಿತು.

"ಯಾರು ನೀವು?"

"ಗುರುತು ಸಿಗೋದಿಲ್ಲ ಬಿಡಿ, ಹೆಡ್ ಮೇಡಂ. ನನ್ನ ಮಗ ಹೋದ ಸುದ್ದಿ ಹೇಳೋವಾಗ ನೀವು ದೊಡ್ಡ ಕುರ್ಚೀಲಿ ಕೂತು ಮೇಜನ್ನೇ ನೋಡ್ತಿದ್ರಿ."